ಜನರಿಲ್ಲದ ಜಾರುಬೆಟ್ಟ

ಕಿಲ್ಕೆನ್ನಿ

ಐರ್ಲೆಂಡಿನಲ್ಲಿ ಸ್ಕೀ ಮಾಡಿ ಬಂದೆ ಎಂದು ತುಮಕೂರಿನಲ್ಲಿ ಹೇಳಿದಾಗ ನಮ್ಮ ಶಾಲೆಯ ಹಳೇ ಭೂಗೋಳದ ಮೇಷ್ಟ್ರು ಟೀ ಲೋಟ ಕೆಳಗಿಟ್ಟು ನಕ್ಕರು. ಅಲ್ಲಿ ಹಿಮದ ಬೆಟ್ಟವೇ ಇಲ್ಲವಲ್ಲ ಮೇಡಂ ಎಂದರು. ಇಲ್ಲ ಎನ್ನುವುದು ನನಗೂ ಗೊತ್ತು. ರಾಯಚೂರಿಗೆ ಸ್ವೆಟರ್ ಹೊತ್ತುಕೊಂಡು ಹೋದ ಹಾಗೆ ಅದು. ಆದರೂ ಹೋದೆವು, ಜಾರಿದೆವು, ಬಿದ್ದೆವು. ಹೇಗೆ ಅಂತ ಹೇಳುತ್ತೇನೆ, ನಡುವೆ ಯಾರೂ ಪ್ರಶ್ನೆ ಕೇಳಬಾರದು. ಮೂವತ್ತಮೂರು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿದ್ದವಳು ನಾನು. ಸಾಲಿನಲ್ಲಿ ನಿಂತು ಮಾತಾಡುವವರನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ.

ನನ್ನ ಅಕ್ಕನ ಮಗಳು ಅನುಪಮಾ ಕಿಲ್ಕೆನ್ನಿಯ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು. ಕೊರೊನಾ ಶುರುವಾದ ಮೇಲೆ ಹತ್ತಿರ ಹತ್ತಿರ ಎರಡು ವರ್ಷ ಅವಳನ್ನು ನಾವು ಫೋನಿನ ಪರದೆಯಲ್ಲಷ್ಟೇ ನೋಡಿದ್ದು. ವಿಮಾನ ಮತ್ತೆ ಹಾರಲು ಶುರುವಾದದ್ದೇ ತಡ, ಅಕ್ಕ ನನ್ನನ್ನು ಓಡಿಸಿದಳು. "ನೀನೇ ಹೋಗಿ ಕಣ್ಣಾರೆ ನೋಡ್ಕೊಂಡ್ ಬಾರೇ. ಕೇಳಿದ್ರೆ ಚೆನ್ನಾಗಿದೀನಿ ಅಂತಾಳೆ. ನಿಜವಾಗ್ಲೂ ಚೆನ್ನಾಗಿರೋರು ಅಷ್ಟು ಬೇಗ ಹೇಳಲ್ಲ."

ಹೋಗಿ ನೋಡಿದೆ. ಅನು ನಿಂತುಕೊಂಡೇ ಊಟ ಮಾಡುತ್ತಿದ್ದಳು. ಸೋಫಾದಲ್ಲಿ ಬೂಟು ಹಾಕಿಕೊಂಡೇ ನಿದ್ದೆ ಹೋಗುತ್ತಿದ್ದಳು, ಫೋನ್ ಗುಂಯ್ ಅಂದರೆ ನಿದ್ದೆಯಲ್ಲೇ "ಹೇಳಿ" ಅನ್ನುತ್ತಿದ್ದಳು. ಅವಳ ವಾರ್ಡಿನಲ್ಲಿ ಯಾರ್ಯಾರು ಹೋದರು, ಅವರ ಮನೆಯವರಿಗೆ ಫೋನಿನಲ್ಲಿ ಏನು ಹೇಳಿದಳು, ಒಂದು ಮಾತೂ ಆಡುತ್ತಿರಲಿಲ್ಲ. ಅತ್ತದ್ದನ್ನೂ ನೋಡಿಲ್ಲ ಎಂದು ಅವಳ ಗಂಡ ರಾಘು ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ ಹೇಳಿದ. ರಾಘುವಿನ ಆಫೀಸು ಡಬ್ಲಿನ್ ಹತ್ತಿರದ ಸಿಟಿವೆಸ್ಟ್‌ನಲ್ಲಿ. ಈಗ ಅದು ಅವರ ಊಟದ ಮೇಜಿನ ಮೇಲಿತ್ತು. ಮೂರನೆಯವಳು ಅವರ ಮಗಳು ದಿಯಾ, ಏಳು ವರ್ಷ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಐರಿಷರ ರಾಗದ ಇಂಗ್ಲಿಷಿನಲ್ಲಿ. ಹೊಟ್ಟೆ ತುಂಬಿತಾ ಪುಟ್ಟಿ ಅಂದರೆ "ಐಯಾಮ್ ಗ್ರ್ಯಾಂಡ್, ಅಜ್ಜಿ" ಅನ್ನುತ್ತಾಳೆ. ಆ ದೇಶದಲ್ಲಿ ಚೆನ್ನಾಗಿದೆ, ಸಾಕು, ಬೇಡ, ಪರವಾಗಿಲ್ಲ, ಸತ್ತಿಲ್ಲ, ಎಲ್ಲದಕ್ಕೂ ಅದೊಂದೇ ಪದ.

ಅನುವನ್ನು ನಿಜವಾಗಿ ತಿನ್ನುತ್ತಿದ್ದದ್ದು ಏನು ಅಂತ ನನಗೆ ತರಕಾರಿ ಅಂಗಡಿಯಲ್ಲಿ ಗೊತ್ತಾಯಿತು. ಅವಳು ಕೊತ್ತಂಬರಿ ಕಟ್ಟಿಗೆ ಕೈ ಹಾಕಿದ್ದಳು, ಅಷ್ಟರಲ್ಲಿ ಮಾಸ್ಕ್ ಹಾಕಿದ ನಮ್ಮವರೊಬ್ಬರು ಆಲೂಗಡ್ಡೆ ರಾಶಿಯ ಹಿಂದಿನಿಂದ ಎದ್ದು ಬಂದರು. "ಡಾಕ್ಟ್ರೇ, ಒಂದೇ ನಿಮಿಷ." ಆಮೇಲೆ ಪಾರ್ಕಿಂಗಿನಲ್ಲಿ ಇನ್ನೊಬ್ಬರು, ಮಗುವಿನ ಸ್ಕೂಲ್ ಗೇಟಿನಲ್ಲಿ ಮತ್ತೊಬ್ಬರು. ಎಲ್ಲರದೂ ಒಂದೇ ನಿಮಿಷ. ಅವಳು ಎಲ್ಲರಿಗೂ ನಿಂತು ಹೇಳುತ್ತಿದ್ದಳು. ಕಾರಿನೊಳಗೆ ಬಂದು ಸ್ಟೀರಿಂಗಿಗೆ ಹಣೆ ಇಟ್ಟಳು.

"ಚಿಕ್ಕಮ್ಮ, ನಂಗೆ ಒಂದು ದಿನ ಬೇಕು. ಒಂದೇ ದಿನ, ಯಾರೂ ನನ್ನ ಏನೂ ಕೇಳಬಾರ್ದು. ಜನಾನೇ ಇರಬಾರ್ದು."

ಆ ದಿನ ಅವಳಿಗೆ ಕೊಡಿಸಿಯೇ ತುಮಕೂರಿಗೆ ವಾಪಸ್ ಹೋಗುವುದು ಎಂದು ನಾನು ಅಲ್ಲೇ, ಆ ಪಾರ್ಕಿಂಗಿನಲ್ಲೇ, ತೀರ್ಮಾನ ಮಾಡಿದೆ.

ಎಕ್ಸೆಲ್ ಹಾಳೆಯ ಬೆಟ್ಟಗಳು

ಡಿಸೆಂಬರಿನಲ್ಲಿ ಅವಳಿಗೆ ಒಂದು ವಾರ ರಜೆ ಸಿಗುವುದಿತ್ತು. ಮೆಡಿಕಲ್ ಓದುವಾಗಿಂದ ಅವಳಿಗೆ ಸ್ಕೀ ಮಾಡುವ ಆಸೆ. ಇನ್ನೇನು ಬೇಕು? ರಾಘು ಎಕ್ಸೆಲ್ ಹಾಳೆ ತೆರೆದ. ಯುರೋಪಿನ ಹಿಮದ ಬೆಟ್ಟಗಳೆಲ್ಲ ಒಂದೊಂದಾಗಿ ಅದರೊಳಗೆ ಬಂದು ಕೂತವು. ಜನಸಂದಣಿ ಎಂಬ ಕಾಲಂ ಮೊದಲು, ಹಿಮ ಎಂಬ ಕಾಲಂ ಏಳನೆಯದು.

ದೊಡ್ಡ ಹೆಸರಿನ ರೆಸಾರ್ಟುಗಳನ್ನೆಲ್ಲ ಮೊದಲ ಸಂಜೆಯೇ ಕೆಂಪು ಬಣ್ಣ ಬಳಿದು ತೆಗೆದುಹಾಕಿದೆವು. ಎರಡನೇ ದಿನ ಮಧ್ಯಮ ಗಾತ್ರದವು ಹೋದವು. ಆಮೇಲೆ ನಮಗೆ ಒಂಥರಾ ಹುಚ್ಚು ಹಿಡಿಯಿತು. ಚಿಕ್ಕದು ಸಿಕ್ಕರೆ ಅದಕ್ಕಿಂತ ಚಿಕ್ಕದು ಬೇಕು. ಮೂರು ಲಿಫ್ಟ್ ಇರುವ ಊರು ಸಿಕ್ಕಿತು, ಮೂರ್ಯಾಕೆ ಬೇಕು, ಜಾತ್ರೆ ಮಾಡ್ತಾರಾ ಎಂದು ಬಿಟ್ಟೆವು. ಫೋಟೋಗಳು ಕಡಿಮೆ ಇದ್ದಷ್ಟೂ ರಾಘುವಿನ ಮುಖ ಅರಳುತ್ತಿತ್ತು. ಬಲ್ಗೇರಿಯಾದ ಒಂದು ಬೆಟ್ಟದಲ್ಲಿ ಫೋಟೋ ಒಂದೇ, ಅದರಲ್ಲೂ ಒಬ್ಬನೇ ಮನುಷ್ಯ, ಅವನೂ ಬೆನ್ನು ತಿರುಗಿಸಿ ಹೊರಟಿದ್ದ.

"ಇದೇ!" ಎಂದ ರಾಘು. ಫೋನ್ ಮಾಡಿದ. ಆ ಕಡೆಯವರು, ನಿಮಗೆ ನಂಬರ್ ಯಾರು ಕೊಟ್ಟರು ಎಂದು ಕೇಳಿದರಂತೆ. ಆ ರೆಸಾರ್ಟ್ ಮುಚ್ಚಿ ಒಂಬತ್ತು ವರ್ಷವಾಗಿತ್ತು. ಈಗ ಅದು ಅವರ ಕೋಳಿಮನೆ.

"ಕೋಳಿ ಪರವಾಗಿಲ್ಲ ಕಣೋ, ಅವು ರಿಪೋರ್ಟ್ ತೋರಿಸಲ್ಲ," ಎಂದೆ ನಾನು. ಅನು ನಕ್ಕಳು. ನಾನು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು, ಹಾಗಾಗಿ ಆ ಹಾಳೆಯ ಕೆಲಸ ಇನ್ನೂ ಒಂದು ವಾರ ಎಳೆದೆವು. ಕೊನೆಗೆ ಸ್ಲೊವೇನಿಯಾದ ಒಂದು ಹಳ್ಳಿ ಗೆದ್ದಿತು. ಒಂದು ಬೆಟ್ಟ, ಒಂದು ಹಗ್ಗ, ಒಂದು ಸೂಪಿನ ಅಂಗಡಿ. ನಾನು ನನ್ನ ನೀಲಿ ಟ್ರ್ಯಾಕ್‌ಸೂಟ್ ಒಗೆದು ಇಸ್ತ್ರಿ ಮಾಡಿಟ್ಟೆ.

ಯಾರ ಪಾಸ್‌ಪೋರ್ಟು ಎಲ್ಲಿಗೆ

ಟಿಕೆಟ್ ತೆಗೆಯಲು ಕೂತ ಸಂಜೆ ದಿಯಾ ಎಲ್ಲರ ಪಾಸ್‌ಪೋರ್ಟನ್ನೂ ಇಸ್ಪೀಟಿನ ಎಲೆ ಹಾಗೆ ಮೇಜಿನ ಮೇಲೆ ಹರಡಿದಳು. ಮೂರು ನೀಲಿ, ಒಂದು ಕೆಂಗಂದು. ರಾಘು ಆ ನೀಲಿಗಳನ್ನು ನೋಡುತ್ತಾ ಕೂತುಬಿಟ್ಟ.

"ಅನು, ಯುರೋಪ್ ವೀಸಾಗೆ ಸ್ಲಾಟ್ ಬುಕ್ ಮಾಡಿದ್ಯಲ್ಲಾ?"

"ನಾನಾ? ನೀನ್ ಮಾಡಿದೀಯ ಅಂದ್ಕೊಂಡಿದೀನಿ."

"ನಾನ್ ರೆಸಾರ್ಟ್ ನೋಡ್ತಿದ್ನಲ್ಲೇ!"

ವಿಷಯ ಏನೆಂದರೆ, ಐರ್ಲೆಂಡಿನಲ್ಲಿ ಇರಲು ಕೊಟ್ಟ ಅನುಮತಿ ಐರ್ಲೆಂಡಿಗಷ್ಟೇ. ಸಮುದ್ರದಾಚೆ ಯುರೋಪಿಗೆ ಹೋಗಬೇಕಾದರೆ ನಮ್ಮ ಪಾಸ್‌ಪೋರ್ಟಿನವರು ಬೇರೆ ವೀಸಾ ತೆಗೆಯಬೇಕು. ಇದು ಅವರಿಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಜನ ಇಲ್ಲದ ಬೆಟ್ಟ ಹುಡುಕುವ ಗಲಾಟೆಯಲ್ಲಿ ಆ ಬೆಟ್ಟಕ್ಕೆ ನಮ್ಮನ್ನು ಬಿಡುತ್ತಾರಾ ಅಂತ ನೋಡುವುದು ಮರೆತಿತ್ತು. ಅರ್ಜಿಯ ಸ್ಲಾಟು ಮಾರ್ಚಿಗೆ ಇತ್ತು. ಇಡೀ ಮನೆಯಲ್ಲಿ ಹಿಮ ನೋಡುವ ಅರ್ಹತೆ ಇದ್ದದ್ದು ಅಲ್ಲಿಯೇ ಹುಟ್ಟಿದ ದಿಯಾ ಒಬ್ಬಳಿಗೆ. ಅವಳು ಕೆಂಗಂದು ಪಾಸ್‌ಪೋರ್ಟ್ ಎತ್ತಿಕೊಂಡು, ತಾನು ಒಬ್ಬಳೇ ಹೋಗಿ ಫೋಟೋ ಕಳಿಸುತ್ತೇನೆ ಎಂದಳು. ಅವಳ ಮಟ್ಟಿಗೆ ಅದೂ ಗ್ರ್ಯಾಂಡ್.

ಗಾಯದ ಮೇಲೆ ಬರೆ ಎಂಬಂತೆ ಅದೇ ವಾರ ಅನುವಿನ ಜೊತೆಯ ಇಬ್ಬರು ಡಾಕ್ಟರಿಗೆ ಪಾಸಿಟಿವ್ ಬಂತು. ಕೆಲಸದ ಪಟ್ಟಿ ತಿರುಗಿ ಬರೆದರು. ಏಳು ದಿನದ ರಜೆ ಒಂದು ಶನಿವಾರಕ್ಕೆ ಇಳಿಯಿತು. ಅನು ಕೂಗಾಡಲಿಲ್ಲ, ಗಂಡನಿಗೆ ಬೈಯಲೂ ಇಲ್ಲ. "ಗ್ರ್ಯಾಂಡ್" ಎಂದು ಮಲಗಲು ಹೋದಳು. ನನಗೆ ಭಯವಾದದ್ದು ಆಗ. ಬೈದಿದ್ದರೆ ನನಗೆ ಧೈರ್ಯ ಇರುತ್ತಿತ್ತು.

ಶನಿವಾರವನ್ನು ಉಳಿಸಿದವನು ರಾಘುವೇ, ಅದನ್ನೂ ಹೇಳಬೇಕು. ಮೊಳೆ ತರಲು ಹಾರ್ಡ್‌ವೇರ್ ಅಂಗಡಿಗೆ ಹೋದವನು ಗೋಡೆಗೆ ಅಂಟಿಸಿದ್ದ ಕೈಬರಹದ ಚೀಟಿಯ ಫೋಟೋ ತೆಗೆದುಕೊಂಡು ಓಡಿ ಬಂದ. ಸ್ಕೀ ರೆಸಾರ್ಟ್, ಚಿಕ್ಕದು, ಗಲಾಟೆ ಇಲ್ಲ, ಎಂದು ಬರೆದಿತ್ತು. ಕೆಳಗೆ ಫೋನ್ ನಂಬರ್. ಕೆಲವು ಮೈಲಿ ಆಚೆ ಗುಡ್ಡದಲ್ಲಿ ಕುರಿ ಸಾಕುವ ಪ್ಯಾಟ್ ಎಂಬ ಮನುಷ್ಯನದು. ನಾವು ಸ್ಪೀಕರಿಗೆ ಹಾಕಿ ಮಾತಾಡಿದೆವು.

ಎಷ್ಟು ಜನ ಇರುತ್ತಾರೆ ಎಂದು ರಾಘು ಕೇಳಿದ.

"ನಾನಿರ್ತೀನಿ," ಎಂದ ಪ್ಯಾಟ್.

ಹಿಮ?

"ಈ ವರ್ಷ ಇಲ್ಲ."

ಹೋದ ವರ್ಷ?

"ಹೋದ ವರ್ಷಾನೂ ಇಲ್ಲ. ಆದ್ರೆ ಮ್ಯಾಟ್ ಇದೆ."

ಇಂಗ್ಲೆಂಡಿನಲ್ಲಿ ಮುಚ್ಚಿಹೋದ ಯಾವುದೋ ಕ್ರೀಡಾಕೇಂದ್ರದಿಂದ ಆತ ಬ್ರಶ್ಶಿನಂಥ ಪ್ಲಾಸ್ಟಿಕ್ ಚಾಪೆಗಳನ್ನು ತಂದು ಕುರಿ ಮೇಯುವ ಇಳಿಜಾರಿಗೆ ಹಾಸಿದ್ದ. ನೀರು ಬಿದ್ದರೆ ಅದು ಜಾರುತ್ತದೆ. ಐರ್ಲೆಂಡಿನಲ್ಲಿ ನೀರಿಗೇನು ಬರ? ಒಂದು ಹೊತ್ತಿಗೆ ಒಂದೇ ಕುಟುಂಬ, ಒಂದು ಗಂಟೆ. ಬೇಕಾದರೆ ದಿನಪೂರ್ತಿ ಇರಿ, ಬೇರೆ ಯಾರು ಬರ್ತಾರೆ ಎಂದ. ಅನು ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು. ಅವಳ ಮುಖ ನೋಡಿ ನನಗೆ ಕಣ್ಣು ತುಂಬಿತು.

"ಯಾರಿಗೂ ಹೇಳ್ಬೇಡಿ," ಎಂದಳು.

ನಾನು ಒಬ್ಬರಿಗೆ ಹೇಳಿದೆ. ಒಬ್ಬರಿಗೇ. ಕಾರ್ಕ್ ಊರಿನ ಹಾಲಿಹಿಲ್‌ನಲ್ಲಿ ಕೆಲಸ ಮಾಡುವ ಕೋಮಲಾ, ನನ್ನ ಹಳೇ ಶಿಷ್ಯೆ, ಜಿಲ್ಲಾ ಮಟ್ಟದ ಖೋಖೋದಲ್ಲಿ ನಮ್ಮ ಶಾಲೆಗೆ ಕಪ್ ತಂದವಳು. ಯೋಗಕ್ಷೇಮ ಕೇಳಲು ಫೋನ್ ಮಾಡಿದ್ದಳು. ಮಾತಿನ ಭರದಲ್ಲಿ ಬಾಯಿಗೆ ಬಂತು. "ನಿಂಗೊಬ್ಬಳಿಗೇ ಹೇಳ್ತಿರೋದು ಕಣೇ," ಎಂದೂ ಸೇರಿಸಿದೆ. ಕನ್ನಡದಲ್ಲಿ ಆ ಮಾತು ಸೇರಿಸಿದ ಮೇಲೆ ಸುದ್ದಿಗೆ ಕಾಲು ಬರುತ್ತದೆ ಎನ್ನುವುದು ಅರವತ್ತೊಂದು ವಯಸ್ಸಾದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಒಂದು ಬೆರಳಿನ ದಾರಿ

ಶನಿವಾರ ಬೆಳಿಗ್ಗೆ ಹೊರಟೆವು. ಜನ ಬರುವ ಮುಂಚೆ ಹೋಗಿಬಿಡೋಣ ಎಂದು ರಾಘು ಹತ್ತಕ್ಕೆ ಬದಲು ಒಂಬತ್ತಕ್ಕೇ ತಲುಪುವ ಹಾಗೆ ಓಡಿಸಿದ. ಯಾವ ಜನ ಎಂದು ನಾನು ಕೇಳಲಿಲ್ಲ.

ಆ ಹಳ್ಳಿ ದಾರಿಗಳು ನಮ್ಮ ತೋಟದ ಕಾಲುದಾರಿಗಿಂತ ಸ್ವಲ್ಪ ಅಗಲ. ಎರಡೂ ಕಡೆ ಬೇಲಿ. ಎದುರಿಂದ ಗಾಡಿ ಬಂದರೆ ಒಬ್ಬರು ಹಿಂದೆ ಸರಿಯಬೇಕು. ನಮ್ಮಲ್ಲಾದರೆ ಇಬ್ಬರೂ ಇಳಿದು ಯಾರಪ್ಪನ ರೋಡು ಎಂದು ವಿಚಾರಿಸಿಕೊಳ್ಳುತ್ತಾರೆ. ಇಲ್ಲಿ ಇಬ್ಬರೂ ಹಿಂದೆ ಸರಿಯುತ್ತಾರೆ, ಆಮೇಲೆ ಇಬ್ಬರೂ ಮುಂದೆ ಬರುತ್ತಾರೆ, ಮತ್ತೆ ಇಬ್ಬರೂ ಹಿಂದೆ. ದಾಟಿ ಹೋಗುವಾಗ ಸ್ಟೀರಿಂಗಿನಿಂದ ಒಂದೇ ಒಂದು ತೋರುಬೆರಳು ಎತ್ತುತ್ತಾರೆ, ಅದೇ ನಮಸ್ಕಾರ. ಎರಡು ಬೆರಳು ಎತ್ತಿದರೆ ನೆಂಟಸ್ತನ ಬೆಳೆಸುತ್ತಿದ್ದಾರೆ ಎಂದು ಅರ್ಥವಂತೆ.

ಅನು ಮುಂದಿನ ಸೀಟಿನಲ್ಲಿ ಕೂತು ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದ್ದಳು. ಮಳೆ ಹನಿ ಮುಖಕ್ಕೆ ಬೀಳುತ್ತಿತ್ತು. "ಇವತ್ತು ನಾನು ಡಾಕ್ಟರ್ ಅಲ್ಲ," ಎಂದು ಎರಡು ಸಲ ಹೇಳಿದಳು, ಯಾರಿಗೋ ಗೊತ್ತಿಲ್ಲ.

ಗುಡ್ಡದ ಬುಡ

ಪ್ಯಾಟ್‌ನ ಗೇಟಿನ ಮೇಲೆ ರೆಸಾರ್ಟ್ ಎಂದು ಕುರಿಗೆ ಗುರುತು ಹಾಕುವ ನೀಲಿ ಬಣ್ಣದಲ್ಲಿ ಬರೆದಿತ್ತು. ಗೇಟಿನ ಒಳಗೆ ಹನ್ನೊಂದು ಕಾರುಗಳು ನಿಂತಿದ್ದವು.

ರಾಘು ಬ್ರೇಕ್ ಹಾಕಿದ. ಮುಂದಿನ ಕಾರಿನ ಹಿಂಗಾಜಿನಲ್ಲಿ ಹಳದಿ ಕೆಂಪು ಬಾವುಟ. ಅದರ ಪಕ್ಕದ ಡಿಕ್ಕಿ ತೆರೆದಿತ್ತು, ಒಬ್ಬರು ಸ್ಟೀಲ್ ಡಬ್ಬಿ ಇಳಿಸುತ್ತಿದ್ದರು. ಪುಳಿಯೋಗರೆಯ ವಾಸನೆ ಮಳೆಯಲ್ಲೂ ಸ್ಪಷ್ಟವಾಗಿತ್ತು. ನಾನು ಇಳಿಯುತ್ತಿದ್ದ ಹಾಗೆ ಕೋಮಲಾ ಓಡಿ ಬಂದು ನನ್ನ ಕಾಲಿಗೆ ಬಿದ್ದಳು.

"ಮೇಡಂ, ನಾನು ಒಬ್ರಿಗೇ ಹೇಳಿದ್ದು, ನಮ್ಮ ಟೀಮಿನವ್ರಿಗೆ. ಅವ್ರು ಯಾರಿಗೂ ಹೇಳಲ್ಲ ಅಂದಿದ್ರು!"

ಎಲ್ಲರೂ ಒಬ್ಬೊಬ್ಬರಿಗೇ ಹೇಳಿದ್ದರು. ಎಲ್ಲರೂ ಜನರಿಲ್ಲದ ಜಾಗ ಎಂದೇ ಬಂದಿದ್ದರು. ಬೇರೆ ಬೇರೆ ಗಂಟೆಗೆ ಬುಕ್ ಮಾಡಿದ್ದವರೂ ಜನ ಬರುವ ಮುಂಚೆ ಹೋಗಿಬಿಡೋಣ ಎಂದು ಒಂಬತ್ತಕ್ಕೇ ಬಂದಿದ್ದರು. ಈಗ ಮೂವತ್ತೈದು ಜನ ಮಾಸ್ಕ್ ಹಾಕಿಕೊಂಡು, ಎರಡು ಮೀಟರ್ ದೂರದಲ್ಲಿ ನಿಂತು, ಇಷ್ಟೊಂದು ಜನ ಯಾಕೆ ಬಂದರು ಎಂದು ಒಬ್ಬರನ್ನೊಬ್ಬರು ಸಿಟ್ಟಿನಿಂದ ನೋಡುತ್ತಿದ್ದರು. ಪ್ಯಾಟ್ ಮಾತ್ರ ಟ್ರ್ಯಾಕ್ಟರಿಗೆ ಒರಗಿ ತಲೆ ಕೆರೆದುಕೊಳ್ಳುತ್ತಿದ್ದ. ಒಂದು ಕುಟುಂಬ ಅಂತ ಹೇಳಿದ್ದೆನಲ್ಲ ಎಂದ. ನಾವೆಲ್ಲ ಕಸಿನ್ಸ್ ಎಂದರು ಹಿಂದಿನಿಂದ ಯಾರೋ.

"ಗ್ರ್ಯಾಂಡ್ ಸೋ," ಎಂದ ಪ್ಯಾಟ್. ನಂಬಿದನೋ, ಮಳೆಯಲ್ಲಿ ವಾದ ಬೇಡ ಅಂದುಕೊಂಡನೋ.

ಅನು ಕಾರಿನಿಂದ ಇಳಿದಿರಲಿಲ್ಲ. ಆದರೆ ಅವಳನ್ನು ಆಗಲೇ ಗುರುತು ಹಿಡಿದಿದ್ದರು. "ಅಯ್ಯೋ, ನಮ್ಮ ಡಾಕ್ಟ್ರು!" ಎಂದು ಒಂದು ದನಿ ಎದ್ದಿತು. ಕಿಟಕಿಯ ಹತ್ತಿರ ಒಬ್ಬರು ಫೋನ್ ಹಿಡಿದು ಬಂದರು, ಅದರಲ್ಲಿ ಕೊರೊನಾ ಟೆಸ್ಟಿನ ಪಟ್ಟಿಯ ಫೋಟೋ. "ಎರಡನೇ ಗೆರೆ ಇದೆಯೋ ಇಲ್ವೋ ನೋಡಿ ಹೇಳ್ಬಿಡಿ, ಒಂದೇ ನಿಮಿಷ." ಅವರ ಹಿಂದೆ ಸಿಟಿವೆಸ್ಟ್‌ನ ಸುರೇಶ ಎಂಬ ಎತ್ತರದ ಮನುಷ್ಯ, ಅತ್ತೆಯ ಶುಗರ್ ರಿಪೋರ್ಟು ದಾವಣಗೆರೆಯಿಂದ ವಾಟ್ಸ್ಯಾಪಿಗೆ ಬಂದಿತ್ತಂತೆ. ಅನು ಗಾಜು ಏರಿಸಿಕೊಂಡು ಅದರ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಳು. ಆ ಕಣ್ಣಲ್ಲಿ ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಬರೀ ಸುಸ್ತಿತ್ತು.

ಮಾಡಿದ್ದು ನಾನು. ಸರಿ ಮಾಡಬೇಕಾದದ್ದೂ ನಾನೇ. ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದೆ. ಆಚೆ ಗುಡ್ಡದ ಕುರಿಗಳು ತಲೆ ಎತ್ತಿದವು.

"ಸಾಲು!" ಎಂದೆ.

ಇಂಜಿನಿಯರುಗಳಾಗಲಿ ಯಾರಾಗಲಿ, ಕರ್ನಾಟಕದ ಶಾಲೆಯಲ್ಲಿ ಓದಿದವರ ಕಾಲುಗಳು ಆ ದನಿಯನ್ನು ಮರೆಯುವುದಿಲ್ಲ. ನಿಮಿಷದೊಳಗೆ ನಾಲ್ಕು ಸಾಲು ನಿಂತವು. "ಸಾವಧಾನ್! ವಿಶ್ರಾಮ್!" ಕೆಲವರು ಅಭ್ಯಾಸಬಲದಿಂದ ಹಿಂದಿನವರ ಭುಜಕ್ಕೆ ಕೈ ಚಾಚಿ ದೂರ ಅಳೆದರು. ನಾನು ನಿಯಮ ಹೇಳಿದೆ. ಬೆಟ್ಟದ ಮೇಲೆ ಒಂದು ಹೊತ್ತಿಗೆ ಒಬ್ಬರೇ. ಉಳಿದವರು ಕೆಳಗೆ ವ್ಯಾಯಾಮ, ಏನೇ ಆದರೂ ಎರಡು ಮೀಟರ್ ದೂರ. ಇವತ್ತು ಇಲ್ಲಿ ಡಾಕ್ಟರು ಯಾರೂ ಬಂದಿಲ್ಲ. ಯಾರಿಗಾದರೂ ಕೆಮ್ಮು ಬಂದರೆ ನನಗೆ ಹೇಳಿ, ಹತ್ತು ಬಸ್ಕಿ ಕೊಡುತ್ತೇನೆ.

ಕುರಿಯ ಇಳಿಜಾರು

ಪ್ಯಾಟ್ ಕುರಿಮನೆಯ ಸ್ಪ್ರೇ ಹೊಡೆದು ಶುದ್ಧಿ ಮಾಡಿದ ಸ್ಕೀ ಹಲಗೆ, ಬೂಟುಗಳನ್ನು ಕೊಟ್ಟ. ಒಂದೊಂದೂ ರುಬ್ಬುಗುಂಡಿನ ತೂಕ. ಮೇಲೆ ಹೋಗಲು ಲಿಫ್ಟಿಲ್ಲ. ಟ್ರ್ಯಾಕ್ಟರಿನ ಚಕ್ರಕ್ಕೆ ಸುತ್ತಿದ ಹಗ್ಗ ಗುಡ್ಡ ಹತ್ತುತ್ತದೆ, ನಾವು ಅದನ್ನು ಹಿಡಿದುಕೊಂಡು ಜಾರುತ್ತಾ ಮೇಲೆ ಹೋಗಬೇಕು. ಅನು ಹಗ್ಗ ಹಿಡಿದಳು. ಹಸಿರು ಪ್ಲಾಸ್ಟಿಕ್ಕಿನ ಮೇಲೆ, ತುಂತುರು ಮಳೆಯಲ್ಲಿ, ಒಬ್ಬಳೇ ಮೇಲೆ ಹೋದಳು. ಕೆಳಗೆ ಮೂವತ್ತು ಜನ ನನ್ನ ಎಣಿಕೆಗೆ ಕೈ ಮೇಲೆ ಕೈ ಕೆಳಗೆ ಮಾಡುತ್ತಿದ್ದರು. ದಿಯಾ ಮುಂದೆ ನಿಂತು ಅವರಿಗೆ ತಪ್ಪು ತೋರಿಸುತ್ತಿದ್ದಳು.

ಅನು ಮೊದಲ ಸಲ ಇಳಿದಾಗ ಅರ್ಧಕ್ಕೇ ಬಿದ್ದಳು. ಎದ್ದಳು. ಎರಡನೇ ಸಲ ಬೇಲಿಯವರೆಗೂ ಬಂದು ಒಂದು ಕುರಿಗೆ ಗುದ್ದುವುದರಲ್ಲಿದ್ದಳು. ಮೂರನೇ ಸಲ ಕೂಗಿಕೊಂಡೇ ಇಳಿದಳು, ಮೆಡಿಕಲ್ ಸೀಟ್ ಸಿಕ್ಕ ದಿನ ಅಂಗಳದಲ್ಲಿ ಕೂಗಿದ್ದಳಲ್ಲ, ಅದೇ ಕೂಗು. ನನಗೆ ಎಣಿಕೆ ತಪ್ಪಿತು. ಸಾಲಿನವರ ಕೈ ಮೇಲಕ್ಕೇ ನಿಂತುಬಿಟ್ಟವು.

ಆ ಗಡಿಬಿಡಿಯಲ್ಲಿ ಸುರೇಶ ಸಾಲು ಬಿಟ್ಟಿದ್ದ. ನೋಡುತ್ತೇನೆ, ಹಗ್ಗ ಹಿಡಿದು ಗುಡ್ಡದ ಕಾಲು ಭಾಗ ಹತ್ತಿದ್ದಾನೆ, ಇನ್ನೊಂದು ಕೈಯಲ್ಲಿ ಫೋನು. ಮೇಲೆ ಅನು ಒಬ್ಬಳೇ ನಿಂತಿದ್ದಾಳೆ, ಓಡಲು ಜಾಗವಿಲ್ಲ. ಶುಗರ್ ರಿಪೋರ್ಟು ಅವಳ ಕಡೆ ನಿಧಾನವಾಗಿ ಏರುತ್ತಿದೆ.

ನಾನು ಯೋಚಿಸಲಿಲ್ಲ. ಪ್ಯಾಟ್ ಬೇಡ ಬೇಡ ಅನ್ನುತ್ತಿದ್ದರೂ ಕಾಲಿಗೆ ಸ್ಕೀ ಸಿಕ್ಕಿಸಿಕೊಂಡು ಹಗ್ಗಕ್ಕೆ ಕೈ ಹಾಕಿದೆ. ಸ್ಕೀ ಹೇಗೆ ನಿಲ್ಲಿಸುವುದು ಎಂದು ಯಾರೂ ಕಲಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ನಡುಗುಡ್ಡದ ಹತ್ತಿರ ಸುರೇಶನ ಜಾಕೆಟ್ಟಿನ ಟೋಪಿ ನನ್ನ ಕೈಗೆ ಸಿಕ್ಕಿತು.

"ಎಲ್ರೀ ಹೊರಟ್ರಿ? ಇಳೀರಿ ಕೆಳಗೆ!"

"ಮೇಡಂ, ಬಿಡಿ ಮೇಡಂ, ಒಂದೇ ನಿಮಿಷ—"

"ಆ ನಿಮಿಷ ನಿಮ್ಮ ಹತ್ರ ಇಟ್ಕೊಳ್ಳಿ!"

ಅವನೂ ಹಗ್ಗ ಬಿಟ್ಟ, ನಾನೂ ಬಿಟ್ಟೆ. ಇಬ್ಬರೂ ಹಿಮ್ಮುಖವಾಗಿ ಜಾರಲು ಶುರುಮಾಡಿದೆವು. ಅವನು ಎಡಕ್ಕೆ ಹೋಗಿ ಹುಲ್ಲಿನ ಮೇಲೆ ಕೂತ. ನಾನು ನೆಟ್ಟಗೆ ಕೆಳಗೆ ಬಂದೆ. ನಾಲ್ಕು ಸಾಲುಗಳೂ ಶಿಸ್ತಾಗಿ ದಾರಿ ಬಿಟ್ಟವು, ಒಬ್ಬರೂ ಹಿಡಿಯಲಿಲ್ಲ, ಎರಡು ಮೀಟರ್ ದೂರದ ನಿಯಮ ನಾನೇ ಹೇಳಿದ್ದೆ. ಬಿದ್ದಾಗ ಬಲಗೈ ಊರಿದೆ. ಟಕ್ ಎಂದಿತು.

ನನ್ನ ಮೂವತ್ತಮೂರು ವರ್ಷದಲ್ಲಿ ಎಷ್ಟೋ ಹುಡುಗಿಯರ ಕೈಗೆ ಸ್ಕೇಲ್ ಇಟ್ಟು ಬಟ್ಟೆ ಕಟ್ಟಿ ಆಸ್ಪತ್ರೆಗೆ ಕರೆದೊಯ್ದಿದ್ದೇನೆ. ಆ ಸದ್ದು ನನಗೆ ಗೊತ್ತು. ಮುಂಗೈ ಮುರಿದಿತ್ತು. ನೋವು ಭುಜದವರೆಗೆ ಹತ್ತಿತು, ಕಣ್ಣಿಗೆ ಕತ್ತಲೆ ಬಂತು. ಮೇಲೆ ಅನು ಬೆನ್ನು ನೆಟ್ಟಗೆ ಮಾಡಿ ನಿಂತದ್ದು ಕಾಣಿಸಿತು. ಇನ್ನು ಒಂದು ಕ್ಷಣ ಬಿಟ್ಟರೆ ಡಾಕ್ಟರಾಗಿ ಇಳಿದು ಬರುತ್ತಾಳೆ, ಅಲ್ಲಿಗೆ ಅವಳ ಶನಿವಾರ ಮುಗಿಯುತ್ತದೆ.

ಎದ್ದು ನಿಂತೆ. ಬಲಗೈ ಟ್ರ್ಯಾಕ್‌ಸೂಟಿನ ಜೇಬಿಗೆ ಹೋಯಿತು. ಎಡಗೈಯಲ್ಲಿ ಸೆಲ್ಯೂಟ್ ಹೊಡೆದು, ಗುಡ್ಡಕ್ಕೆಲ್ಲ ಕೇಳುವ ಹಾಗೆ ಕೂಗಿದೆ.

"ಗ್ರ್ಯಾಂಡ್!"

ಮೂವತ್ತೈದು ಜನ ಚಪ್ಪಾಳೆ ತಟ್ಟಿದರು. ಅನು ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದು, ಕೈ ಬೀಸಿ, ಮತ್ತೆ ಜಾರಿದಳು.

ಪುಳಿಯೋಗರೆ

ಮಧ್ಯಾಹ್ನ ಕುರಿಮನೆಯ ಮಾಡಿನ ಕೆಳಗೆ ಊಟ. ಡಬ್ಬಿಗಳು ತೆರೆದವು. ಇಲ್ಲಿ ನನಗೆ ನಿಜವಾದ ಪರೀಕ್ಷೆ. ಎಡಗೈಯಲ್ಲಿ ಅನ್ನ ತಿಂದರೆ ಸಾಲಿನಲ್ಲಿರುವ ಒಬ್ಬೊಬ್ಬರೂ ಹುಬ್ಬೇರಿಸುತ್ತಾರೆ, ಕಾರಣ ಕೇಳುತ್ತಾರೆ. ತಿನ್ನದೇ ಇದ್ದರೆ ಇನ್ನೂ ಜಾಸ್ತಿ ಕೇಳುತ್ತಾರೆ. ಎಡಗೈಯಲ್ಲಿ ಚಮಚ ಹಿಡಿದು, ಈ ದೇಶದಲ್ಲಿ ಹೀಗೇ ತಿನ್ನಬೇಕಂತೆ ಎಂದೆ. ಪ್ಯಾಟ್ ಅಲ್ಲೇ ಬಲಗೈಯಲ್ಲಿ ಪುಳಿಯೋಗರೆ ಕಲಸಿ ಉಂಡೆ ಕಟ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಕೋಮಲಾ ಅವನನ್ನೂ ನನ್ನನ್ನೂ ನೋಡಿದಳು. ಪಿ.ಟಿ. ಮೇಡಮ್ಮನ್ನು ಪ್ರಶ್ನಿಸುವ ಧೈರ್ಯ ಅವಳಿಗೆ ಇಂದಿಗೂ ಬಂದಿಲ್ಲ.

ಅನು ನನ್ನ ಪಕ್ಕದಲ್ಲೇ ನೆಲಕ್ಕೆ ಚಕ್ಕಳಮಕ್ಕಳ ಹಾಕಿ ಕೂತು ಎರಡು ಸಲ ಬಡಿಸಿಕೊಂಡಳು. ಕೂತು ಊಟ ಮಾಡಿದಳು ಎಂದು ಅಕ್ಕನಿಗೆ ಮನಸ್ಸಿನಲ್ಲೇ ವರದಿ ಬರೆದೆ. ಯಾರೂ ಅವಳ ಹತ್ತಿರ ಬರಲಿಲ್ಲ. ಸುರೇಶ ದೂರದಿಂದ ನೋಡಿ, ಫೋನ್ ಜೇಬಿಗೆ ಹಾಕಿಕೊಂಡ. ಆಮೇಲೆ ಅವಳು ಮತ್ತೆ ಗುಡ್ಡ ಹತ್ತಿದಳು, ಮತ್ತೆ, ಮತ್ತೆ. ಇನ್ನೊಬ್ಬರ ಸರದಿ ಬಂದಾಗಲೂ ಅವರೇ ಬಿಟ್ಟುಕೊಟ್ಟರು. ಹೊತ್ತು ಮುಳುಗುವವರೆಗೂ ನಾನು ಮಾಡಿನ ಕಂಬಕ್ಕೆ ಒರಗಿ, ಹಲ್ಲು ಕಚ್ಚಿಕೊಂಡು ನಿಂತಿದ್ದೆ. ನೋವಿನ ನಡುವೆಯೂ ಅಷ್ಟು ಹೆಮ್ಮೆ ನನಗೆ ಕಪ್ ಗೆದ್ದ ದಿನವೂ ಆಗಿರಲಿಲ್ಲ.

ವಾಪಸ್ ಬರುವಾಗ ಅನು ಬಾಯಿ ತೆರೆದುಕೊಂಡು ನಿದ್ದೆ ಮಾಡಿದಳು. ಅವಳ ಫೋನು ಗುಂಯ್ ಎಂದಿತು. ಅವಳು "ಹೇಳಿ" ಅನ್ನಲಿಲ್ಲ.

ಮರುದಿನ, ಮನೆಯ ಮುಂದೆ

ಬೆಳಿಗ್ಗೆಗೆ ಕೈ ಊದಿ ಹಲಸಿನ ತೊಳೆ ಆಗಿತ್ತು. ಸುಳ್ಳನ್ನು ಆಗಲೇ ಸಿದ್ಧ ಮಾಡಿಟ್ಟಿದ್ದೆ. ಕೆಳಗಿಳಿದರೆ ಅನು ಬಾಗಿಲಲ್ಲಿ ನಿಂತಿದ್ದಾಳೆ, ಒಂದು ಕೈಯಲ್ಲಿ ಕಾರಿನ ಕೀ, ಇನ್ನೊಂದರಲ್ಲಿ ನನ್ನ ಕೋಟು.

"ಬಾತ್‌ರೂಮಲ್ಲಿ ಕಾಲ್ ಜಾರಿ—" ಎಂದು ಶುರುಮಾಡಿದೆ.

"ಬೇಡ ಚಿಕ್ಕಮ್ಮ. ನಾನು ನೋಡ್ದೆ."

ಕೋಟನ್ನು ನನ್ನ ಎಡ ತೋಳಿಗೆ ತೊಡಿಸಿ, ಬಲ ತೋಳಿನ ಮೇಲೆ ಹೊದಿಸಿ, ಶಾಲನ್ನು ಮಡಚಿ ಕೈಗೆ ಜೋಲಿ ಕಟ್ಟಿದಳು. ಕಾರಿನಲ್ಲಿ ಕೂರಿಸಿ ಬೆಲ್ಟ್ ಹಾಕಿದಳು. ತಾನೂ ಕೂತು, ಕೀ ಹಾಕಿ, ತಿರುಗಿಸದೆ ಮಾತಾಡಿದಳು.

"ಮೇಲಿಂದ ಪೂರ್ತಿ ಕಾಣ್ತಿತ್ತು. ನೀವು ಕೈ ಊರಿದ ರೀತಿ ನೋಡ್ದಾಗ್ಲೇ ಮುರಿದಿದೆ ಅಂತ ಗೊತ್ತಾಯ್ತು. ಊಟಕ್ಕೆ ಕೂತಾಗ ಜೇಬಿಂದ ಇಣುಕ್ತಿದ್ದ ನಿಮ್ಮ ಬೆರಳು ನಿಮಗೆ ಗೊತ್ತಾಗದ ಹಾಗೆ ಮುಟ್ಟಿ ನೋಡ್ದೆ. ಬೆಚ್ಚಗಿತ್ತು, ಬಣ್ಣ ಸರಿ ಇತ್ತು. ನಾಳೆವರ್ಗೂ ಕಾಯುತ್ತೆ ಅಂದ್ಕೊಂಡೆ. ಸ್ವಂತ ಚಿಕ್ಕಮ್ಮನ ಬಗ್ಗೆ ಹಂಗಂದ್ಕೊಂಡೆ. ನೀವಾಗೇ ಹೇಳ್ತೀರಿ ಅಂತ ಕಾದೆ. ನೀವು ಹೇಳ್ಲಿಲ್ಲ. ಹೇಳ್ದೇ ಇರ್ಲಿ ದೇವ್ರೇ ಅಂತ ಬೇಡ್ಕೊಂಡು ಮತ್ತೆ ಹತ್ತಿದೆ. ಪ್ರತೀ ಸಲಾನೂ ಕೆಳಗಡೆ ನಿಮ್ಮ ಜೇಬೇ ನೋಡ್ತಿದ್ದೆ."

ಅವಳಿಗೆ ಒಂದು ದಿನ ಕೊಟ್ಟೆ ಎಂದು ರಾತ್ರಿಯಿಡೀ ಬೀಗಿದ್ದೆ. ಅವಳು ಆ ದಿನವೆಲ್ಲ ನನ್ನನ್ನು ರೋಗಿಯ ಹಾಗೆ ಕಾಯುತ್ತಲೇ ಜಾರಿದ್ದಳು.

"ಬೈಯಿರಿ ಚಿಕ್ಕಮ್ಮ," ಎಂದಳು.

"ಯಾಕ್ ಬೈಲಿ? ನೀನು ಕೆಳಗೆ ಬಂದಿದ್ರೆ ಬೈತಿದ್ದೆ."

ಅವಳು ಎರಡೂ ಕೈಯಲ್ಲಿ ಮುಖ ಒರೆಸಿಕೊಂಡು, ಆಸ್ಪತ್ರೆಯ ದನಿ ತಂದುಕೊಂಡಳು. "ನೋವು ಎಷ್ಟಿದೆ? ಒಂದರಿಂದ ಹತ್ತರಲ್ಲಿ ಹೇಳಿ."

"ನಿಂದು ಎಷ್ಟು? ಮೊದಲು ಅದು ಹೇಳು."

ಅನು ನನ್ನ ಕಡೆ ತಿರುಗಿದಳು. ಇಷ್ಟು ದಿನದಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಹಾಕಿರಲಿಲ್ಲ. ನಾನೂ ಹಾಕಿರಲಿಲ್ಲ.

"ಹತ್ತು," ಎಂದಳು. ಎಂದವಳೇ ಸ್ಟೀರಿಂಗ್ ಹಿಡಿದುಕೊಂಡು, ಸಣ್ಣ ಹುಡುಗಿಯ ಹಾಗೆ ದನಿ ತೆಗೆದು ಅತ್ತಳು.

ನನ್ನದು ಆರು ಇತ್ತು. ಕಾಯಬಹುದಿತ್ತು. ಇಬ್ಬರೂ ಅಲ್ಲೇ ಕೂತೆವು.